ಲೋಹಗಳೂ ಜೀವೋತ್ಪತ್ತಿಯೂ

ಮನೆಯಲ್ಲಿ ಯಾರಿಗಾದರೂ, ಅದರಲ್ಲಿಯೂ ಹೆಣ್ಣುಮಕ್ಕಳಿಗೆ, ಮುಖವು ಬಿಳುಪೇರಿ, ನಾಲ್ಕು ಮೆಟ್ಟಿಲು ಹತ್ತುವಷ್ಟರಲ್ಲಿ ಏದುಸಿರು ಬರತೊಡಗಿದರೆ, ವೈದ್ಯರು ರಕ್ತಪರೀಕ್ಷೆ ಮಾಡಿಸಿ, "ಕಬ್ಬಿಣದಂಶ ಸಾಲದು" ಎಂದು ಹೇಳಿ ಮಾತ್ರೆಗಳನ್ನು ಬರೆದುಕೊಡುವುದು ಬಹುಮಟ್ಟಿಗೆ ಎಲ್ಲ ಸಂಸಾರಗಳಲ್ಲಿಯೂ ಅನುಭವಕ್ಕೆ ಬಂದಿರತಕ್ಕ ವಿಷಯ. ನುಂಗುವವರು ನುಂಗುತ್ತಾರೆ, ಮರೆಯುವವರು ಮರೆಯುತ್ತಾರೆ. ಆದರೆ ಗುದ್ದಲಿ, ಕುಡುಗೋಲು, ಬಾಣಲೆಗಳಾಗತಕ್ಕ ಈ ವಸ್ತುವಿಗೂ ನಮ್ಮ ನೆತ್ತರಿಗೂ ಏನು ನಂಟು, ಆ ನಂಟು ಎಂದಿನಿಂದ ಬಂದುದು, ಎಂದು ಕೇಳುವವರು ವಿರಳ. ಈ ಪ್ರಶ್ನೆಯ ಎಳೆಯನ್ನು ಹಿಡಿದು ಹಿಂದಕ್ಕೆ ಹಿಂದಕ್ಕೆ ಹೋದರೆ, ಸುಮಾರು 400 ಕೋಟಿ ವರ್ಷಗಳಷ್ಟು ಹಿಂದಿನ ಕಡಲಿನ ತಳಕ್ಕೆ ಬಂದು ನಿಲ್ಲಬೇಕಾಗುವುದು. ಆ ದಾರಿಯಲ್ಲಿ ವಾಚಕರೊಡನೆ ಸ್ವಲ್ಪ ದೂರ ನಡೆದುನೋಡಬೇಕೆಂಬುದೇ ನಮ್ಮ ಉದ್ದೇಶ.

ಸಂಸ್ಕೃತದಲ್ಲಿ 'ಧಾತು' ಎಂಬ ಮಾತಿಗೆ ಮುಖ್ಯವಾಗಿ ಮೂರು ಅರ್ಥಗಳು ರೂಢಿಯಲ್ಲಿವೆ. ಗಣಿಯಿಂದ ತೆಗೆದ ಅದಿರೂ ಲೋಹವೂ ಧಾತು. ರಸ, ರಕ್ತ, ಮಾಂಸ ಮೊದಲಾಗಿ ದೇಹವನ್ನು ಧರಿಸಿರುವ ಏಳು ಪದಾರ್ಥಗಳೂ ಧಾತು. ವೈಯಾಕರಣರಿಗೆ ಕ್ರಿಯಾಪದದ ಮೂಲವೂ ಧಾತು. ಇದನ್ನು ಕಂಡೊಡನೆಯೇ, "ನೋಡಿರಿ, ಲೋಹವೇ ದೇಹದ ಆಧಾರವೆಂಬುದು ನಮ್ಮ ಪೂರ್ವಿಕರಿಗೆ ತಿಳಿದೇ ಇತ್ತು" ಎಂದು ಹೇಳಲು ಕಾತರಿಸುವ ಮಿತ್ರರು ನಮಗೂ ಉಂಟು. ನಾವು ಅದನ್ನು ಒಪ್ಪಲಾರೆವು. ಇಡು, ಧರಿಸು ಎಂಬ ಅರ್ಥದ ಒಂದೇ ಮೂಲದಿಂದ ಹುಟ್ಟಿದ ಮಾತು ಮೂರು ಶಾಸ್ತ್ರಗಳಲ್ಲಿ ಬಳಕೆಗೆ ಬಂದಿತೆಂಬುದರಿಂದ ರಸಾಯನಶಾಸ್ತ್ರದ ಒಂದು ಸಂಗತಿಯೂ ಸಿದ್ಧವಾಗುವುದಿಲ್ಲ. ಆದರೆ ಪ್ರಮಾಣವಾಗದ ಮಾತು ಉಪಮಾನವಾಗಬಹುದು. ಮುಂದೆ ಒಂದೆಡೆ ಅದನ್ನು ಹಾಗೆ ಬಳಸಿಕೊಳ್ಳುವೆವು.

ಮೊದಲು ಲೆಕ್ಕವನ್ನು ನೋಡೋಣ. ಬೆಳೆದ ಮನುಷ್ಯನ ಶರೀರದಲ್ಲಿರುವ ಕಬ್ಬಿಣವೆಲ್ಲ ಸೇರಿ ಮೂರು ನಾಲ್ಕು ಗ್ರಾಂ, ಅಂದರೆ ಒಂದು ಮೊಳೆಯ ತೂಕ. ಅದರಲ್ಲಿ ಮೂರರಲ್ಲೆರಡು ಪಾಲು ರಕ್ತದ ಹಿಮೋಗ್ಲೋಬಿನ್ನಿನಲ್ಲಿಯೇ ಇರುವುದು. ಸತುವು ಸುಮಾರು ಎರಡು ಗ್ರಾಂ. ತಾಮ್ರವು ಒಂದು ಗ್ರಾಮಿನ ಹತ್ತರಲ್ಲೊಂದು ಭಾಗ. ಕೋಬಾಲ್ಟು ಒಂದೆರಡು ಮಿಲಿಗ್ರಾಂ ಮಾತ್ರ, ಆದರೆ ಬಿ-12 ಎಂಬ ಜೀವಸತ್ವದ ನಟ್ಟನಡುವೆ ಅದು ಕುಳಿತಿಲ್ಲದಿದ್ದರೆ ರಕ್ತವೂ ನರಗಳೂ ಕೆಡುವುವು. ಗಿಡಗಳ ಹಸುರು ಬಣ್ಣಕ್ಕೆ ಕಾರಣವಾದ ಪತ್ರಹರಿತ್ತಿನ ಮಧ್ಯದಲ್ಲಿ ಮೆಗ್ನೀಸಿಯಂ ಇದೆ. ಏಡಿಯ ರಕ್ತದಲ್ಲಿ ಕಬ್ಬಿಣದ ಕೆಲಸವನ್ನು ತಾಮ್ರವು ಮಾಡುವುದರಿಂದ ಅದು ನೀಲಿಯಾಗಿರುವುದು. ತೊಗರಿ, ಕಡಲೆಗಳ ಬೇರಿನ ಗಂಟುಗಳಲ್ಲಿ ನೆಲಸಿರುವ ಬ್ಯಾಕ್ಟೀರಿಯಗಳು ಗಾಳಿಯ ಸಾರಜನಕವನ್ನು ಗೊಬ್ಬರವಾಗಿ ಮಾರ್ಪಡಿಸುವುದು ಕಬ್ಬಿಣ ಮತ್ತು ಮಾಲಿಬ್ಡಿನಂ ಎಂಬ ಲೋಹಗಳ ಸಹಾಯದಿಂದ.

ಇಲ್ಲಿ ಒಂದು ಸ್ವಾರಸ್ಯದ ಕಥೆ ಉಂಟು. ಜೀವಕೋಶಗಳಲ್ಲಿ ಎಲ್ಲ ಕೆಲಸವನ್ನೂ ಮಾಡುವ ಕಿಣ್ವಗಳು ಯಾವ ವಸ್ತುವಿನಿಂದಾದುವು ಎಂಬುದು ಬಹುಕಾಲ ವಿವಾದದ ವಿಷಯವಾಗಿತ್ತು. ಅಮೆರಿಕದ ಜೇಮ್ಸ್ ಸಮ್ನರ್ ಎಂಬಾತನು 1926ರಲ್ಲಿ ಅವರೆಯ ಬಳಗದ ಒಂದು ಕಾಳಿನಿಂದ ಯೂರಿಯೇಸ್ ಎಂಬ ಕಿಣ್ವವನ್ನು ಹರಳುಗಟ್ಟಿಸಿ, ಕಿಣ್ವವೆಂದರೆ ಪ್ರೋಟೀನು ಎಂದು ತೋರಿಸಿದನು. ಸುಮಾರು ಐವತ್ತು ವರ್ಷಗಳ ಮೇಲೆ, 1975ರಲ್ಲಿ, ಆ ಕಿಣ್ವದೊಳಗೇ ನಿಕ್ಕಲ್ ಲೋಹವಿರುವುದು ಕಂಡುಬಂದಿತು; ಅದನ್ನು ತೆಗೆದರೆ ಕೆಲಸವೂ ನಿಂತಿತು! ಪ್ರೋಟೀನಿನ ವೈಭವವನ್ನು ನೋಡುತ್ತಿದ್ದ ಕಣ್ಣಿಗೆ ಒಳಗಿದ್ದ ಲೋಹವು ಅಷ್ಟು ಕಾಲ ಬೀಳಲಿಲ್ಲವೆಂಬುದು ವಿಚಾರಿಸತಕ್ಕ ಸಂಗತಿ.

ಲೋಹಗಳಲ್ಲಿ ಅಂಥ ವಿಶೇಷವೇನು? ಇದಕ್ಕೆ ಉತ್ತರವು ಅಡುಗೆಮನೆಯಲ್ಲಿಯೇ ಇದೆ. ದ್ರವರೂಪದ ಎಣ್ಣೆಯು ವನಸ್ಪತಿಯಾಗಿ ಗಟ್ಟಿಯಾಗುವುದು ಹೇಗೆ? ಎಣ್ಣೆಯೊಳಗೆ ಜಲಜನಕ ವಾಯುವನ್ನು ಬರಿದೆ ಊದಿದರೆ ಏನೂ ಆಗುವುದಿಲ್ಲ. ನಿಕ್ಕಲಿನ ನುಣ್ಣನೆಯ ಪುಡಿಯನ್ನು ಬೆರಸಿ ಬಿಸಿಮಾಡಿ ಊದಿದರೆ, ಆ ಲೋಹದ ಮೈಮೇಲೆ ಜಲಜನಕದ ಅಣುವು ಬಂದು ಕುಳಿತು ಎರಡಾಗಿ ಒಡೆಯುವುದು. ಒಡೆದ ಭಾಗಗಳು ಎಣ್ಣೆಯನ್ನು ಸೇರುವುವು. ನಿಕ್ಕಲ್ ಮಾತ್ರ ಇದ್ದಂತೆಯೇ ಇರುವುದು. ಎರಡು ಮನೆಯವರನ್ನು ಕೂಡಿಸಿ, ಲಗ್ನವಾದೊಡನೆ ಮತ್ತೊಂದು ಸಂಬಂಧವನ್ನು ಕುದುರಿಸಲು ಹೊರಟುಹೋಗುವ ಹಿರಿಯರನ್ನು ನಮ್ಮ ಊರುಗಳಲ್ಲಿ ನೋಡಿದ್ದೇವಷ್ಟೆ? ಅಂಥದೇ ಕೆಲಸ. ಇದನ್ನು ವೇಗವರ್ಧನವೆಂದು ಕರೆಯುವರು. ನಿಕ್ಕಲಿನ ಈ ಗುಣವನ್ನು ಕಂಡುಹಿಡಿದ ಫ್ರಾನ್ಸಿನ ಪಾಲ್ ಸಬಾಟಿಯೆ ಎಂಬ ವಿದ್ವಾಂಸನಿಗೆ 1912ರಲ್ಲಿ ನೊಬೆಲ್ ಬಹುಮಾನ ಬಂದಿತು.

ಕಬ್ಬಿಣದ ಗುಣವು ಇನ್ನೊಂದು ಬಗೆಯದು. ಅದು ಎಲೆಕ್ಟ್ರಾನುಗಳನ್ನು ಕೊಡುವುದರಲ್ಲಿಯೂ ಕೊಳ್ಳುವುದರಲ್ಲಿಯೂ ಉದಾರಿ. ಎರಡು ಎಲೆಕ್ಟ್ರಾನುಗಳನ್ನು ಕಳೆದುಕೊಂಡ ಕಬ್ಬಿಣವು ಫೆರಸ್. ಮೂರನ್ನು ಕಳೆದುಕೊಂಡುದು ಫೆರಿಕ್. ಮೊದಲನೆಯದು ನೀರಿನಲ್ಲಿ ಸುಲಭವಾಗಿ ಕರಗುವುದು. ಎರಡನೆಯದು ಸಾಧಾರಣವಾದ ನೀರಿನಲ್ಲಿ ಕರಗದೆ ತುಕ್ಕಾಗಿ ತಳಕ್ಕಿಳಿಯುವುದು. ಹಿಂದಿನ ಕಾಲದಲ್ಲಿ ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿಯನ್ನು ಹಾಕಿ ಮಸಿಯನ್ನು ಮಾಡುತ್ತಿದ್ದುದನ್ನು ಹಿರಿಯರಿಂದ ಕೇಳಿರಬಹುದು. ಅನ್ನಭೇದಿಯೆಂದರೆ ಫೆರಸ್ ರೂಪದ ಕಬ್ಬಿಣದ ಲವಣ, ತಿಳಿಹಸುರಿನ ಹರಳು. ಹೊಸದಾಗಿ ಬರೆದ ಅಕ್ಷರವು ಮಾಸಲಾಗಿದ್ದು, ಗಾಳಿ ತಗುಲಿದಂತೆಲ್ಲ ಕಪ್ಪಾಗಿ ಅಳಿಸಲಾಗದಂತೆ ನಿಲ್ಲುತ್ತಿತ್ತು. ಫೆರಸ್ಸು ಗಾಳಿಯ ಆಮ್ಲಜನಕದಿಂದ ಫೆರಿಕ್ಕಾಗಿ ಅಳಲೆಯ ಒಗರಿನೊಡನೆ ಬಿಗಿಯಾಗಿ ಬೆಸೆದುಕೊಂಡುದೇ ಇದಕ್ಕೆ ಕಾರಣ. ಈ ಮಸಿಯ ಕುಡಿಕೆಯನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು; ಲೇಖನದ ಕೊನೆಯಲ್ಲಿ ಅದು ಮತ್ತೆ ಬೇಕಾಗುವುದು.

ಇನ್ನು ಜೀವೋತ್ಪತ್ತಿಯ ಪ್ರಶ್ನೆ. ರಷ್ಯದ ಒಪಾರಿನ್ 1924ರಲ್ಲಿಯೂ ಇಂಗ್ಲೆಂಡಿನ ಹಾಲ್ಡೇನ್ 1929ರಲ್ಲಿಯೂ, ಆದಿಕಾಲದ ಸಮುದ್ರದಲ್ಲಿ ಇಂಗಾಲದ ಸಂಯುಕ್ತಗಳು ಕೂಡಿಕೂಡಿ ಕ್ರಮೇಣ ಜೀವವಾಯಿತೆಂದು ಬರೆದರು. ಈ ಹಾಲ್ಡೇನರು 1957ರಲ್ಲಿ ನಮ್ಮ ದೇಶಕ್ಕೆ ಬಂದು ನೆಲಸಿ 1964ರಲ್ಲಿ ಭುವನೇಶ್ವರದಲ್ಲಿ ಕಾಲವಾದವರು. 1953ರಲ್ಲಿ ಚಿಕಾಗೋ ನಗರದಲ್ಲಿ ಸ್ಟ್ಯಾನ್ಲಿ ಮಿಲ್ಲರ್ ಎಂಬ ವಿದ್ಯಾರ್ಥಿಯು ತನ್ನ ಗುರುವಾದ ಯೂರೆಯ ಮಾರ್ಗದರ್ಶನದಲ್ಲಿ ಒಂದು ಗಾಜಿನ ಪಾತ್ರೆಯೊಳಗೆ ಮಿಥೇನ್, ಅಮೋನಿಯ, ಜಲಜನಕ, ನೀರಿನ ಹಬೆ ಇವುಗಳನ್ನು ತುಂಬಿ ಮಿಂಚಿನಂಥ ವಿದ್ಯುತ್ ಕಿಡಿಗಳನ್ನು ಹಾಯಿಸಿದನು. ಕೆಲವು ದಿನಗಳಲ್ಲಿ ಪ್ರೋಟೀನಿನ ಇಟ್ಟಿಗೆಗಳಾದ ಅಮೈನೋ ಆಮ್ಲಗಳು ನೀರಿನಲ್ಲಿ ಕಾಣಿಸಿದುವು. ಜಗತ್ತು ಬೆರಗಾಯಿತು, ಬೆರಗಾಗತಕ್ಕದ್ದೇ. ಆದರೆ ಆ ಗಾಜಿನೊಳಗೆ ನೀರಿತ್ತು, ಗಾಳಿಯಿತ್ತು, ಮಿಂಚಿತ್ತು, ಕಲ್ಲಿರಲಿಲ್ಲ, ಅದಿರಿರಲಿಲ್ಲ. ಇಟ್ಟಿಗೆಗಳು ದೊರೆತುವು; ಇಟ್ಟಿಗೆಗಳನ್ನು ಜೋಡಿಸುವ ಕೈ ದೊರೆಯಲಿಲ್ಲ. ಅಲ್ಲದೆ ಆದಿಯ ವಾತಾವರಣದಲ್ಲಿ ಮಿಥೇನ್ ಅಮೋನಿಯಗಳಿಗಿಂತ ಇಂಗಾಲಾಮ್ಲ ವಾಯುವೂ ಸಾರಜನಕವೂ ಹೆಚ್ಚಾಗಿದ್ದಿರಬೇಕೆಂದು ಈಚಿನವರು ಭಾವಿಸುವುದರಿಂದ, ಆ ಪ್ರಯೋಗದ ಬಲವು ಸ್ವಲ್ಪ ತಗ್ಗಿದೆ.

1977ರಲ್ಲಿ ಗಲಾಪಗಸ್ ದ್ವೀಪಗಳ ಬಳಿ 'ಆಲ್ವಿನ್' ಎಂಬ ಸಣ್ಣ ಜಲಾಂತರ್ನೌಕೆಯಲ್ಲಿ ಕುಳಿತು ಸುಮಾರು 2,500 ಮೀಟರು ಆಳಕ್ಕೆ ಇಳಿದ ಸಂಶೋಧಕರು, ಸೂರ್ಯನ ಬೆಳಕೆಂಬುದೇ ತಲಪದ ಆ ಕತ್ತಲೆಯಲ್ಲಿ ಬಿಸಿನೀರಿನ ಬುಗ್ಗೆಗಳನ್ನೂ ಅವುಗಳ ಸುತ್ತ ಜೀವಜಂತುಗಳ ಸಂತೆಯನ್ನೂ ಕಂಡರು. ಎರಡು ವರ್ಷಗಳ ತರುವಾಯ ಶಾಂತಸಾಗರದ ಬೇರೊಂದು ಎಡೆಯಲ್ಲಿ 350 ಡಿಗ್ರಿಗಿಂತಲೂ ಮಿಗಿಲಾಗಿ ಕಾದ ನೀರು ಕರಿಯ ಹೊಗೆಯಂತೆ ಚಿಮ್ಮುತ್ತಿರುವ ಕಲ್ಲಿನ ಕೊಳವೆಗಳು ಕಂಡುಬಂದುವು. ಆ ಹೊಗೆ ಹೊಗೆಯಲ್ಲ. ಕಬ್ಬಿಣ, ತಾಮ್ರ, ಸತುಗಳು ಗಂಧಕದೊಡನೆ ಸೇರಿ ಆದ ಪುಡಿ.

ಈ ಸುದ್ದಿಯ ಮೇಲೆ ಕೆಲವರು ಹೊಸದಾಗಿ ಆಲೋಚಿಸತೊಡಗಿದರು. ಅವರಲ್ಲಿ ಮುಖ್ಯನಾದವನು ವಿಶ್ವವಿದ್ಯಾಲಯದ ಪ್ರಾಧ್ಯಾಪಕನಲ್ಲವೆಂಬುದು ವಿನೋದ. ಜರ್ಮನಿಯ ಮ್ಯೂನಿಕ್ ನಗರದ ಗುಂಟರ್ ವೆಖ್ಟರ್‌ಹಾಯ್ಸರ್ ರಸಾಯನಶಾಸ್ತ್ರವನ್ನು ಓದಿ, ಪೇಟೆಂಟ್ ವಕೀಲಿಯಿಂದ ಜೀವನ ಸಾಗಿಸುತ್ತಿದ್ದವನು. ಆತನು 1988ರಲ್ಲಿ ಮುಂದಿಟ್ಟ ಮತವಿದು: ಜೀವವು ಸಮುದ್ರವೆಂಬ ಸಾರಿನ ಪಾತ್ರೆಯಲ್ಲಿ ತೇಲುತ್ತ ಹುಟ್ಟಿದುದಲ್ಲ, ಕಬ್ಬಿಣ ಗಂಧಕಗಳ ಖನಿಜದ ಮೈಮೇಲೆ ಅಂಟಿಕೊಂಡು ಹುಟ್ಟಿದುದು. ಕಬ್ಬಿಣದ ಸಲ್ಫೈಡು ಗಂಧಕದ ವಾಯುವಿನೊಡನೆ ಸೇರಿ ಪೈರೈಟ್ ಆಗುವಾಗ, ಅಂದರೆ ಚಿನ್ನದಂತೆ ಹೊಳೆದು ಅರಿಯದವರನ್ನು ಮೋಸಗೊಳಿಸುವ ಆ ಕಲ್ಲಾಗುವಾಗ, ಎಲೆಕ್ಟ್ರಾನುಗಳು ಬಿಡುಗಡೆಯಾಗುವುವು. ಇಂಗಾಲಾಮ್ಲವನ್ನು ಜೀವದ್ರವ್ಯವಾಗಿ ಮಾರ್ಪಡಿಸಲು ಬೇಕಾದ ಶಕ್ತಿಯೂ ಅದರಿಂದಲೇ ದೊರೆಯುವುದು. ಕಾಗದದ ಮೇಲಿನ ಮಾತೆಂದು ಹಲವರು ತಳ್ಳಿಹಾಕಿದರು. 1997ರಲ್ಲಿ ಆತನೂ ಕ್ಲಾಡಿಯ ಹ್ಯೂಬರ್ ಎಂಬಾಕೆಯೂ, ಕಬ್ಬಿಣ ನಿಕ್ಕಲುಗಳ ಸಲ್ಫೈಡು ಬೆರೆತ ಕುದಿಬಿಸಿಯ ನೀರಿನಲ್ಲಿ ಇಂಗಾಲದ ಮಾನಾಕ್ಸೈಡನ್ನೂ ಗಂಧಕವಿರುವ ಒಂದು ಸರಳ ಸಂಯುಕ್ತವನ್ನೂ ಇಟ್ಟು, ಅವುಗಳಿಂದ ಅಸಿಟಿಕ್ ಆಮ್ಲದ ಚುರುಕಾದ ರೂಪವನ್ನು ಪಡೆದು ತೋರಿಸಿದರು. ಅಸಿಟಿಕ್ ಆಮ್ಲವೆಂದರೆ ವಿನಿಗರ್ ಎಂದು ನಾವು ಅಂಗಡಿಯಲ್ಲಿ ಕೊಳ್ಳುವ ಹುಳಿಯ ಸಾರವೇ.

ಹುಳಿಯಾದರೆ ಏನಾಯಿತು ಎಂದು ಕೇಳಬಹುದು. ಗಾಳಿಯಿಲ್ಲದ ಕೆಸರಿನಲ್ಲಿಯೂ ಭೂಮಿಯ ಆಳದಲ್ಲಿಯೂ ಇಂದಿಗೂ ಬದುಕಿರುವ ಕೆಲವು ಅತಿ ಸರಳ ಸೂಕ್ಷ್ಮಜೀವಿಗಳು, ಬಿಸಿಲಿನ ಹಂಗಿಲ್ಲದೆ, ಜಲಜನಕ ಇಂಗಾಲಾಮ್ಲಗಳೆರಡನ್ನೇ ಉಂಡು, ಇದೇ ಚುರುಕಾದ ಅಸಿಟಿಕ್ ರೂಪವನ್ನು ಮಾಡಿಕೊಂಡು, ಅದರಿಂದ ತಮ್ಮ ಮೈಯನ್ನೆಲ್ಲ ಕಟ್ಟಿಕೊಳ್ಳುತ್ತವೆ. ಅದನ್ನು ಮಾಡುವ ಅವುಗಳ ಕಿಣ್ವದ ಗರ್ಭದಲ್ಲಿರುವುದೇನು? ನಿಕ್ಕಲ್, ಕಬ್ಬಿಣ, ಗಂಧಕ! ವನಸ್ಪತಿಯ ಕಾರ್ಖಾನೆಯಲ್ಲಿ ಜಲಜನಕವನ್ನು ಒಡೆಯುವ ಲೋಹವೇ ಅಲ್ಲಿಯೂ ಇದೆ.

2000ನೆಯ ಇಸವಿಯ ಡಿಸೆಂಬರಿನಲ್ಲಿ ಅಟ್ಲಾಂಟಿಕ್ ಸಾಗರದ ನಡುವೆ ಇನ್ನೊಂದು ಬಗೆಯ ಬುಗ್ಗೆಗಳು ದೊರೆತುವು. ಅರುವತ್ತು ಮೀಟರು ಎತ್ತರದವರೆಗೆ ಬೆಳೆದ ಬಿಳಿಯ ಗೋಪುರಗಳನ್ನು ನೋಡಿ ಅದಕ್ಕೆ 'ಕಳೆದುಹೋದ ಪಟ್ಟಣ'ವೆಂದು ಹೆಸರಿಟ್ಟರು. ಇಲ್ಲಿಯ ನೀರು ಕುದಿಯುವಂಥದಲ್ಲ. 40ರಿಂದ 90 ಡಿಗ್ರಿಯದು, ಕ್ಷಾರಗುಣವುಳ್ಳದ್ದು, ಜಲಜನಕದಿಂದ ತುಂಬಿದ್ದು. ಜಲಜನಕವು ಎಲ್ಲಿಂದ ಬಂದಿತೆಂದರೆ, ಅದೂ ಕಬ್ಬಿಣದ ಪ್ರಸಾದವೇ: ಕಡಲ ತಳದ ಬಂಡೆಯೊಳಗಿನ ಫೆರಸ್ ಕಬ್ಬಿಣವು ಇಳಿದುಬಂದ ನೀರಿನಿಂದ ಆಮ್ಲಜನಕವನ್ನು ಕಸಿದುಕೊಂಡು ಜಲಜನಕವನ್ನು ಬಿಟ್ಟುಕೊಡುವುದು. ಇಂಥ ಬುಗ್ಗೆಯ ತೂತುತೂತಾದ ಗೋಡೆಗಳೇ ಜೀವದ ಮೊದಲ ತೊಟ್ಟಿಲೆಂದು ಮೈಕೇಲ್ ರಸೆಲ್ ಎಂಬ ಭೂವಿಜ್ಞಾನಿಯು ಈ ಶೋಧಕ್ಕಿಂತ ಮುಂಚಿನಿಂದಲೂ ವಾದಿಸುತ್ತಿದ್ದನು. 2018ರಿಂದ ಈಚೆಗೆ ನಡೆದಿರುವ ಪ್ರಯೋಗಗಳು ಈ ವಾದಕ್ಕೆ ಬೆಂಬಲವಿತ್ತಿವೆ. 2020ರಲ್ಲಿ ಜರ್ಮನಿ, ಫ್ರಾನ್ಸ್, ಜಪಾನುಗಳ ಸಂಶೋಧಕರು ಸೇರಿ ಪ್ರಕಟಿಸಿದುದೇನೆಂದರೆ: ಸೂಜಿಗಲ್ಲಿನ ಖನಿಜವಾದ ಮ್ಯಾಗ್ನಟೈಟ್, ಗ್ರೈಗೈಟ್ ಎಂಬ ಕಬ್ಬಿಣ ಗಂಧಕದ ಖನಿಜ, ಅವಾರುಐಟ್ ಎಂಬ ನಿಕ್ಕಲ್ ಕಬ್ಬಿಣದ ಸಹಜ ಮಿಶ್ರಲೋಹ, ಇವುಗಳ ಪುಡಿಯೊಂದನ್ನೇ ವೇಗವರ್ಧಕವಾಗಿಟ್ಟು, 100 ಡಿಗ್ರಿಯ ನೀರಿನಲ್ಲಿ ಜಲಜನಕ ಇಂಗಾಲಾಮ್ಲಗಳನ್ನು ಬೆರಸಿದರೆ, ಫಾರ್ಮಿಕ್, ಅಸಿಟಿಕ್, ಪೈರೂವಿಕ್ ಆಮ್ಲಗಳ ರೂಪಗಳು ಹುಟ್ಟುವುವು. ನಾವು ಉಂಡ ಅನ್ನವು ದೇಹದಲ್ಲಿ ಉರಿಯುವಾಗ ಮೊದಲು ಹಾದುಹೋಗುವ ಘಟ್ಟವೇ ಈ ಪೈರೂವಿಕ್ ಆಮ್ಲ. ಅಲ್ಲಿ ಕಿಣ್ವವಿರಲಿಲ್ಲ, ಪ್ರೋಟೀನಿರಲಿಲ್ಲ. ಕಲ್ಲಿನ ಪುಡಿಯಿತ್ತು, ಅಷ್ಟೆ.

ಹಾಗಾದರೆ ಕಿಣ್ವವು ಆಮೇಲೆ ಬಂದು ಮಾಡಿದುದೇನು? ಔಷಧದ ಅಂಗಡಿಯಲ್ಲಿ ಗಾಯ ತೊಳೆಯಲು ಕೊಡುವ ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಹಸಿಯ ಆಲೂಗಡ್ಡೆಯ ಹೋಳನ್ನು ಹಾಕಿದರೆ ನೊರೆನೊರೆಯಾಗಿ ಉಕ್ಕುವುದು. ಆಲೂಗಡ್ಡೆಯಲ್ಲಿರುವ ಕೆಟಲೇಸ್ ಎಂಬ ಕಬ್ಬಿಣದ ಕಿಣ್ವವು ಅದನ್ನು ನೀರೂ ಆಮ್ಲಜನಕವೂ ಆಗಿ ಒಡೆಯುತ್ತದೆ. ನೀರಿನಲ್ಲಿ ಕರಗಿದ ಬರಿಯ ಕಬ್ಬಿಣವೂ ಇದೇ ಕೆಲಸವನ್ನು ಮಾಡಬಲ್ಲದು, ಆದರೆ ಬಹಳ ಮಂದವಾಗಿ. ಹಿಮೋಗ್ಲೋಬಿನ್ನಿನಲ್ಲಿರುವಂಥ ಉಂಗುರದೊಳಗೆ ಕಬ್ಬಿಣವನ್ನು ಕೂರಿಸಿದರೆ ವೇಗವು ಸುಮಾರು ಸಾವಿರ ಮಡಿಯಾಗುವುದು. ಅದರ ಸುತ್ತ ಪ್ರೋಟೀನನ್ನು ಹೊದಿಸಿದರೆ ಮತ್ತೆ ಲಕ್ಷಾಂತರ ಮಡಿ. ಕೆಲಸವು ಮೂಲತಃ ಲೋಹದ್ದು, ಕೌಶಲವು ಪ್ರೋಟೀನಿನದು. ನಾವು ಮೇಲೆ ಹೇಳಿದ ಉಪಮಾನಕ್ಕೆ ಇದೇ ಸ್ಥಳ. 'ಕೃ' ಎಂಬ ಧಾತುವು ಒಂದೇ. ಪ್ರತ್ಯಯಗಳು ಸೇರಿ ಕರ್ತೃ, ಕರ್ಮ, ಕಾರ್ಯ, ಕ್ರಿಯೆ ಎಂದು ನಾನಾ ಪದಗಳಾಗುವುವು. ಹಾಗೆಯೇ ಕಬ್ಬಿಣ ಗಂಧಕಗಳ ಒಂದು ಸಣ್ಣ ಗೊಂಚಲು ನಾನಾ ಪ್ರೋಟೀನುಗಳ ಮಡಿಲಲ್ಲಿ ಕುಳಿತು ನಾನಾ ಕೆಲಸಗಳನ್ನು ಮಾಡುತ್ತಿದೆ. ಅಂಥವುಗಳಲ್ಲಿ ಫೆರಿಡಾಕ್ಸಿನ್ ಎಂಬುದು ಬಹಳ ಹಳೆಯದು. 1966ರಲ್ಲಿ ಎಕ್ ಮತ್ತು ಮಾರ್ಗರೆಟ್ ಡೇಹಾಫ್ ಎಂಬಿಬ್ಬರು ಅದರ ಅಮೈನೋ ಆಮ್ಲಗಳ ಸರಣಿಯನ್ನು ಪರಿಶೀಲಿಸಿ, ನಾಲ್ಕೇ ಅಮೈನೋ ಆಮ್ಲಗಳ ಒಂದು ತುಣುಕು ಮತ್ತೆ ಮತ್ತೆ ಆವೃತ್ತಿಯಾಗಿ ಅದು ಬೆಳೆದಿರಬೇಕೆಂದು ಊಹಿಸಿದರು. ಈ ಸಾಲನ್ನು ಓದುತ್ತಿರುವಾಗಲೂ ವಾಚಕರ ಬಹುತೇಕ ಜೀವಕೋಶಗಳಲ್ಲಿ, ಉಸಿರಾಟದ ಯಂತ್ರದ ಮೊದಲ ಭಾಗದಲ್ಲಿ, ಅಂಥ ಏಳು ಗೊಂಚಲುಗಳು ಹೊಳೆ ದಾಟುವ ಕಲ್ಲುಗಳಂತೆ ಸಾಲಾಗಿದ್ದು, ಎಲೆಕ್ಟ್ರಾನುಗಳು ಅವುಗಳ ಮೇಲೆ ಹಾರಿಹಾರಿ ಸಾಗುತ್ತಿವೆ.

ಈ ಮತಕ್ಕೆ ವಿರೋಧಿಗಳಿಲ್ಲವೆಂದು ಭಾವಿಸಕೂಡದು. ಜೀವವೆಂದರೆ ಬರಿಯ ಹುಳಿಯಲ್ಲ; ತನ್ನಂತೆಯೇ ಇನ್ನೊಂದನ್ನು ನಕಲು ಮಾಡಬಲ್ಲ ಅಣುವು ಬೇಕು, ಅದು ಆರ್.ಎನ್.ಎ. ಆಗಿರಬೇಕು, ಎನ್ನುವವರು ಬಹುಮಂದಿ. ಆದರೆ ಅವರೂ ಲೋಹದಿಂದ ತಪ್ಪಿಸಿಕೊಳ್ಳಲಾರರು. ಆರ್.ಎನ್.ಎ. ಮಡಿಚಿಕೊಂಡು ಕೆಲಸಮಾಡಬೇಕಾದರೆ ಮೆಗ್ನೀಸಿಯಂ ಬೇಕು. ಇಲ್ಲಿಯೂ ಒಂದು ತೊಡಕುಂಟು. ನಕಲಿಗೆ ಬೇಕಾದಷ್ಟು ಮೆಗ್ನೀಸಿಯಂ ಹಾಕಿದರೆ, ಆದಿಯ ಕೋಶದ ಗೋಡೆಯಾಗಿದ್ದಿರಬಹುದಾದ ಕೊಬ್ಬಿನಾಮ್ಲದ ಗುಳ್ಳೆಯು ಒಡೆದುಹೋಗುವುದು. ಗಡಸುನೀರಿನಲ್ಲಿ ಸಾಬೂನು ಗಷ್ಟಾಗುವಂತೆ. 2013ರಲ್ಲಿ ಆಡಮಾಲಾ ಮತ್ತು ಶಾಸ್ಟಾಕ್ ಎಂಬವರು ನಿಂಬೆಯ ಹುಳಿಯಲ್ಲಿರುವ ಸಿಟ್ರೇಟನ್ನು ಸೇರಿಸಿದರೆ ಗುಳ್ಳೆಯೂ ಉಳಿದು ನಕಲೂ ನಡೆಯುವುದೆಂದು ತೋರಿಸಿದರು. ಇನ್ನು ಕೆಲವರು ಕಡಲ ತಳವನ್ನೇ ಒಪ್ಪದೆ, ನೆಲದ ಮೇಲಣ ಬಿಸಿನೀರಿನ ಕೊಳಗಳೇ, ಒಣಗುತ್ತ ನೆನೆಯುತ್ತ ಇದ್ದುವಾದ್ದರಿಂದ, ಹೆಚ್ಚು ತಕ್ಕುವೆನ್ನುವರು. ಅಲ್ಲದೆ, ಇಂದಿನ ಕಿಣ್ವದಲ್ಲಿ ಕಬ್ಬಿಣವಿದ್ದ ಮಾತ್ರಕ್ಕೆ ಜೀವವು ಕಬ್ಬಿಣದಿಂದಲೇ ಹುಟ್ಟಿತೆನ್ನಲಾದೀತೆ? ಹುಟ್ಟಿದ ಮೇಲೆ ಕೈಗೆ ಸಿಕ್ಕಿದುದನ್ನು ಬಳಸಿಕೊಂಡಿರಬಾರದೇಕೆ? ಇದು ನ್ಯಾಯವಾದ ಆಕ್ಷೇಪಣೆ. ನಮ್ಮ ಮಟ್ಟಿಗೆ ಹೇಳುವುದಾದರೆ, ಖನಿಜವು ಮೊದಲು, ಪ್ರೋಟೀನು ಆಮೇಲೆ ಎಂಬ ಭಾಗವು ಮನಸ್ಸಿಗೆ ಒಪ್ಪುತ್ತದೆ. ಏಕೆಂದರೆ ಅದನ್ನು ಪಾತ್ರೆಯಲ್ಲಿಟ್ಟು ಪರೀಕ್ಷಿಸಬಹುದು, ಪರೀಕ್ಷಿಸಿಯೂ ಇದ್ದಾರೆ. ಆದರೆ ಹುಳಿಯಿಂದ ಜೀವಕೋಶದವರೆಗಿನ ದೂರವು ಅಪಾರ. ಅದನ್ನು ಯಾರೂ ದಾಟಿಲ್ಲ. ದಾಟಿದರೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಆದಿಯ ಕಡಲಿನಲ್ಲಿ ಫೆರಸ್ ಕಬ್ಬಿಣವು ಹೇರಳವಾಗಿ ಕರಗಿತ್ತೆಂಬುದಕ್ಕೆ ಸಾಕ್ಷಿಯು ನಮ್ಮ ನಾಡಿನಲ್ಲಿಯೇ ಇದೆ. ಚಿಕ್ಕಮಗಳೂರಿನ ಬಾಬಾಬುಡನ್ ಗಿರಿಶ್ರೇಣಿಯಲ್ಲಿ ಕೆಂಪು ಕಪ್ಪು ಪಟ್ಟೆಗಳಿಂದ ಕೂಡಿದ ಕಬ್ಬಿಣದ ಬಂಡೆಗಳು ಸುಮಾರು 270 ಕೋಟಿ ವರ್ಷಗಳಷ್ಟು ಹಳೆಯವು. ಸಂಡೂರು, ಕುದುರೆಮುಖಗಳಲ್ಲಿಯೂ ಇಂಥ ಪಟ್ಟೆಬಂಡೆಗಳಿವೆ. ಭದ್ರಾವತಿಯ ಕಾರ್ಖಾನೆಗೆ ಹಿಂದೆ ಅದಿರನ್ನು ಒದಗಿಸುತ್ತಿದ್ದ ಕೆಮ್ಮಣ್ಣುಗುಂಡಿಯೂ ಆ ಗಿರಿಗಳ ಸೆರಗಿನಲ್ಲಿಯೇ ಇರುವುದು. ಒಂದು ಕಾಲದಲ್ಲಿ ಕಡಲ ನೀರಿನಲ್ಲಿ ಕರಗಿದ್ದ ಕಬ್ಬಿಣವು ಎಲೆಕ್ಟ್ರಾನನ್ನು ಕಳೆದುಕೊಂಡು ಪದರಪದರವಾಗಿ ತಳಕ್ಕಿಳಿದು ಕಲ್ಲಾದುದೇ ಇವು. ಸುಮಾರು 240 ಕೋಟಿ ವರ್ಷಗಳ ಹಿಂದೆ, ಬಿಸಿಲಿನಿಂದ ಬದುಕುವ ಸೂಕ್ಷ್ಮಜೀವಿಗಳು ಬಿಟ್ಟ ಆಮ್ಲಜನಕವು ಗಾಳಿಯಲ್ಲಿ ನೆಲಸತೊಡಗಿದ ಮೇಲೆ ಜಗತ್ತಿನ ಲೋಹವ್ಯವಹಾರವೇ ತಲೆಕೆಳಗಾಯಿತು. ಗಂಧಕದೊಡನೆ ಕಲ್ಲಾಗಿ ಬಿದ್ದಿದ್ದ ತಾಮ್ರವು ನೀರಿಗೆ ಬಂದಿತು. ಆದಕಾರಣವೇ ತಾಮ್ರದ ಕಿಣ್ವಗಳು ಬಹುಮಟ್ಟಿಗೆ ಈಚಿನವು, ಆಮ್ಲಜನಕದೊಡನೆ ವ್ಯವಹರಿಸುವಂಥವು. ಕಬ್ಬಿಣವಾದರೋ ತುಕ್ಕಾಗಿ ಕೈಗೆಟುಕದಂತೆ ಹೋಯಿತು.

ನಮ್ಮ ಸಂಸಾರದ ತೊಂದರೆಯು ಹುಟ್ಟಿದುದು ಇಲ್ಲಿಯೇ. ಕಬ್ಬಿಣವು ಸುಲಭವಾಗಿ ಸಿಕ್ಕುತ್ತಿದ್ದ ಕಾಲದಲ್ಲಿ ಜೀವವು ಅದನ್ನು ತನ್ನ ಮರ್ಮಸ್ಥಾನಗಳಲ್ಲೆಲ್ಲ ಕೂರಿಸಿಕೊಂಡಿತು. ಸಿಕ್ಕದಂತಾದ ಮೇಲೆ ಬಿಡಲಾರದಾಯಿತು. ಆದ್ದರಿಂದ ದೇಹವು ಕಬ್ಬಿಣದ ವಿಷಯದಲ್ಲಿ ಕಡುಲೋಭಿ. ಸುಮಾರು 120 ದಿನ ಬದುಕಿ ಸಾಯುವ ಕೆಂಪು ರಕ್ತಕಣದ ಕಬ್ಬಿಣವನ್ನು ಹೊರಗೆ ಚೆಲ್ಲದೆ ಹೊಸ ಕಣಕ್ಕೆ ಸೇರಿಸುವುದು. ಆಹಾರದಿಂದ ದಿನಕ್ಕೆ ಹೀರಿಕೊಳ್ಳುವುದು ಒಂದೆರಡು ಮಿಲಿಗ್ರಾಂ ಮಾತ್ರ. ತಿಂಗಳು ತಿಂಗಳೂ ರಕ್ತವನ್ನು ಕಳೆದುಕೊಳ್ಳುವ, ಗರ್ಭದಲ್ಲಿ ಮತ್ತೊಂದು ಜೀವಕ್ಕೆ ರಕ್ತವನ್ನು ಒದಗಿಸುವ ಹೆಂಗಸರಿಗೆ ಈ ಲೆಕ್ಕವು ಸರಿದೂಗದೆ ಹೋಗುವುದು ಆಶ್ಚರ್ಯವಲ್ಲ. ಅವರು ಸೋಮಾರಿಗಳೆಂದೋ ಉಣ್ಣಲು ಹಟಮಾಡುವರೆಂದೋ ಆಕ್ಷೇಪಿಸುವ ಹಿರಿಯರು ಇದನ್ನು ತಿಳಿಯುವುದೊಳ್ಳೆಯದು.

ಸೊಪ್ಪು ಕಾಳುಗಳಲ್ಲಿರುವ ಕಬ್ಬಿಣವು ಬಹುತೇಕ ಫೆರಿಕ್ ರೂಪದ್ದಾದುದರಿಂದ ಕರುಳಿಗೆ ಸುಲಭವಾಗಿ ಹತ್ತದು. ಊಟದೊಡನೆ ನಿಂಬೆಯ ರಸವನ್ನು ಹಿಂಡಿಕೊಂಡರೆ ಅದರ ಸಿ ಜೀವಸತ್ವವು ಫೆರಿಕ್ಕಿಗೆ ಒಂದು ಎಲೆಕ್ಟ್ರಾನನ್ನು ಕೊಟ್ಟು ಫೆರಸ್ ಮಾಡುವುದು. ಉಂಡೊಡನೆ ಚಹ ಕಾಫಿಗಳನ್ನು ಕುಡಿದರೆ ಅವುಗಳ ಒಗರು, ಅಳಲೆಕಾಯಿಯ ಒಗರಿನಂತೆಯೇ, ಕಬ್ಬಿಣವನ್ನು ಹಿಡಿದುಕೊಂಡು ಹೊಟ್ಟೆಯೊಳಗೇ ಮಸಿ ಮಾಡಿಬಿಡುವುದು. ನಡುವೆ ಒಂದು ಗಂಟೆಯಾದರೂ ಬಿಡಬೇಕು. ಇನ್ನು ವೈದ್ಯರು ಕೊಡುವ ಮಾತ್ರೆಯಲ್ಲಿ ಸಾಮಾನ್ಯವಾಗಿರುವುದು ಫೆರಸ್ ಸಲ್ಫೇಟು, ಅಂದರೆ ಶುದ್ಧಮಾಡಿದ ಅನ್ನಭೇದಿ: ಬಾಬಾಬುಡನ್ ಗಿರಿಯ ಬಂಡೆಗಳು ಇನ್ನೂ ಬಂಡೆಗಳಾಗದಿದ್ದಾಗ ಕಡಲ ನೀರಿನಲ್ಲಿ ಕರಗಿದ್ದ ಅದೇ ರೂಪದ ಕಬ್ಬಿಣ.